ಫತ್ವಾ ಕೈಯಲ್ಲಿದ್ದರೆ ಲೆಕ್ಕ ಮುಗಿಯಿತೆ?

ಪ್ರಶ್ನೆ: ನಾವು ಬೆಂಗಳೂರಿನ ಟ್ಯಾನರಿ ರಸ್ತೆ ಕಡೆಯವರು, ಹನಫಿ ಪಂಥದ ಮುಸ್ಲಿಮರು. ತಂದೆ ತೀರಿಕೊಂಡು ಎಂಟು ತಿಂಗಳಾಯಿತು. ತಾಯಿ, ಅಣ್ಣ, ನಾನು, ಅಕ್ಕ, ಇಬ್ಬರು ತಂಗಿಯರು ಇದ್ದೇವೆ. ತಂದೆ ಬಿಟ್ಟುಹೋದ ಮನೆಗೆ ಈಗ ಸುಮಾರು 1 ಕೋಟಿ 12 ಲಕ್ಷ ಬೆಲೆ ಇದೆ. ಕೆಳಮನೆಯ ಬಾಡಿಗೆ ತಿಂಗಳಿಗೆ 20,000. ಅದನ್ನು ಅಣ್ಣ, ನಾನು ಅರ್ಧರ್ಧ ತೆಗೆದುಕೊಳ್ಳುತ್ತಿದ್ದೇವೆ. ‘ತಂದೆ ಬದುಕಿದ್ದಾಗಲೇ ಮನೆಯನ್ನು ಗಂಡುಮಕ್ಕಳಿಬ್ಬರಿಗೆ ಹಿಬಾ (ದಾನ) ಮಾಡಿ ಸ್ವಾಧೀನ ಕೊಟ್ಟಿದ್ದರು, ಹೆಣ್ಣುಮಕ್ಕಳಿಗೆ ಪಾಲಿಲ್ಲ’ ಎಂದು ಅಣ್ಣ ಫತ್ವಾ (ಧರ್ಮಶಾಸ್ತ್ರದ ಲಿಖಿತ ಅಭಿಪ್ರಾಯ) ತಂದಿದ್ದಾರೆ. ಫತ್ವಾ ಕೊಡುವ ಇಬ್ಬರು ಮುಫ್ತಿಗಳ ಸಹಿ ಇದೆ. ತಂದೆ ಒಮ್ಮೆ ‘ಈ ಮನೆ ನಿಮ್ಮಿಬ್ಬರಿಗೆ’ ಅಂದದ್ದು ನಿಜ. ಆದರೆ ಕೊನೆಯ ದಿನದವರೆಗೂ ಅವರೇ ಅಲ್ಲಿದ್ದರು, ಬಾಡಿಗೆಯನ್ನೂ ಅವರೇ ಪಡೆಯುತ್ತಿದ್ದರು. ‘ಉಲಮಾಗಳು (ವಿದ್ವಾಂಸರು) ಬರೆದುಕೊಟ್ಟ ಮೇಲೆ ಗುನಾಹ್ (ಪಾಪ) ನಮ್ಮ ಮೇಲಿಲ್ಲ’ ಅನ್ನುತ್ತಾರೆ ಅಣ್ಣ. ತಂದೆಯ ಜನಾಝಾಕ್ಕೆ (ಅಂತ್ಯಕ್ರಿಯೆಗೆ) ಬಂದಿದ್ದ ಹೆಸರಾಂತ ಆಲಿಮ್ (ಧರ್ಮ ವಿದ್ವಾಂಸ) ಒಬ್ಬರು ‘ಇವರು ಜನ್ನತಿ’ (ಸ್ವರ್ಗಕ್ಕೆ ಹೋಗುವವರು) ಎಂದೂ ಹೇಳಿದರು. ಅಲ್ಲಾಹನ ಬಳಿ ನಡೆಯುವುದು ವಿದ್ವಾಂಸರ ಮಾತೋ, ನಮ್ಮ ಕರ್ಮವೋ?

ಉತ್ತರ: ಮೊದಲು ಆ ಕಾಗದವನ್ನೇ ಎದುರಿಗಿಟ್ಟುಕೊಂಡು ನಿಧಾನವಾಗಿ ಓದಿ. ಉರ್ದುವಿನಲ್ಲಿ ಬರೆಯುವ ಫತ್ವಾಗಳಿಗೆ ಒಂದು ಕಟ್ಟು ಇದೆ. ಮೇಲ್ಭಾಗದಲ್ಲಿ ‘ಸವಾಲ್’, ಅಂದರೆ ನೀವು ಬರೆದುಕೊಟ್ಟ ಸಂಗತಿ. ಅದರ ಕೆಳಗೆ ‘ಜವಾಬ್’. ಈ ಜವಾಬು ಬಹುಪಾಲು ‘ಸೂರತೆ ಮಸ್‌ಊಲಾ ಮೇಂ’ ಎಂದೋ ‘ಬಶರ್ತೆ ಸೆಹತೆ ಸವಾಲ್’ ಎಂದೋ ಶುರುವಾಗುತ್ತದೆ. ಮೊದಲನೆಯದಕ್ಕೆ ‘ಕೇಳಲಾದ ಸಂದರ್ಭದಲ್ಲಿ’ ಎಂದು ಅರ್ಥ, ಎರಡನೆಯದಕ್ಕೆ ‘ಪ್ರಶ್ನೆಯಲ್ಲಿ ಹೇಳಿದ್ದು ನಿಜವಾಗಿದ್ದರೆ’ ಎಂದು. ಕೊನೆಯಲ್ಲಿ ‘ವಲ್ಲಾಹು ಅಅ್‌ಲಮ್ ಬಿಸ್ಸವಾಬ್’, ಸರಿ ಯಾವುದೆಂದು ಅಲ್ಲಾಹನೇ ಚೆನ್ನಾಗಿ ಬಲ್ಲ. ಎರಡನೇ ಮುಫ್ತಿ ಸಾಮಾನ್ಯವಾಗಿ ಪಕ್ಕದಲ್ಲಿ ‘ಅಲ್‌ಜವಾಬು ಸಹೀಹ್’ ಎಂದು ಬರೆದು ಸಹಿ ಮಾಡುತ್ತಾರೆ. ಅವರು ದೃಢೀಕರಿಸುವುದು ಉತ್ತರವನ್ನು, ಪ್ರಶ್ನೆಯನ್ನಲ್ಲ. ನಿಮ್ಮ ಮನೆಗೆ ಯಾರು ಬಾಡಿಗೆ ವಸೂಲಿ ಮಾಡುತ್ತಿದ್ದರು ಎಂಬುದು ಆ ಇಬ್ಬರಿಗೂ ಗೊತ್ತಿಲ್ಲ. ಗೊತ್ತಿದೆ ಎಂದು ಅವರು ಹೇಳಿಕೊಂಡೂ ಇಲ್ಲ.

ನಿಮ್ಮ ಅಣ್ಣ ಬರೆದುಕೊಟ್ಟಿದ್ದು ‘ಹಿಬಾ ಮಾಡಿ ಸ್ವಾಧೀನ ಕೊಟ್ಟಿದ್ದರು’ ಎಂದು. ಆ ಮಾತಿಗೆ ಬಂದಿರುವ ಉತ್ತರ ಸರಿಯಾಗಿಯೇ ಇದೆ. ತಪ್ಪಿರುವುದು ಪ್ರಶ್ನೆಯಲ್ಲಿ.

ಹಿಬಾ ಅಂದರೆ ಬದುಕಿರುವಾಗ ಪ್ರತಿಫಲವಿಲ್ಲದೆ ಕೊಡುವ ದಾನ. ಅದಕ್ಕೆ ಮೂರು ಬೇಕು: ಕೊಟ್ಟೆ ಎನ್ನುವುದು, ತೆಗೆದುಕೊಂಡೆ ಎನ್ನುವುದು, ವಸ್ತು ಕೈ ಬದಲಾಗುವುದು. ಮೂರನೆಯದಕ್ಕೆ ಕಬ್ಝಾ ಅನ್ನುತ್ತೇವೆ. ಹನಫಿ ಫಿಕ್‌ಹ್‌ನಲ್ಲಿ (ಧರ್ಮಶಾಸ್ತ್ರದಲ್ಲಿ) ಕಬ್ಝಾ ಇಲ್ಲದ ಹಿಬಾ ಪೂರ್ತಿಯಾಗುವುದಿಲ್ಲ. ನಮ್ಮ ದೇಶದ ನ್ಯಾಯಾಲಯಗಳು ಮುಸ್ಲಿಮರ ಹಿಬಾಕ್ಕೆ ಕೇಳುವುದೂ ಇದೇ ಮೂರನ್ನು. ತಂದೆ ತಮ್ಮ ಸಾಮಾನು ಸರಂಜಾಮಿನ ಸಮೇತ ಅದೇ ಮನೆಯಲ್ಲಿದ್ದು, ಬಾಡಿಗೆ ತಾವೇ ಪಡೆಯುತ್ತಿದ್ದರು ಎಂದ ಮೇಲೆ ಮನೆ ಅವರ ಕೈಬಿಟ್ಟು ಹೋಗಿಲ್ಲ. ಮಗ ಅಪ್ರಾಪ್ತನಾಗಿದ್ದರೆ ತಂದೆಯ ಸ್ವಾಧೀನವೇ ಮಗನ ಸ್ವಾಧೀನವಾಗುತ್ತದೆ, ಲೆಕ್ಕ ಬೇರೆ. ನೀವಿಬ್ಬರೂ ಆಗಲೇ ದೊಡ್ಡವರಾಗಿದ್ದರೆ ‘ಈ ಮನೆ ನಿಮ್ಮಿಬ್ಬರಿಗೆ’ ಎಂಬ ಮಾತು ಬರೀ ಆಸೆಯಾಗಿ ಉಳಿಯಿತು. ಅದನ್ನು ವಸಿಯ್ಯತ್ (ಉಯಿಲು) ಎಂದು ಹಿಡಿಯಲೂ ಆಗದು. ‘ವಾರಸುದಾರನಿಗೆ ವಸಿಯ್ಯತ್ ಇಲ್ಲ’ ಎಂಬುದು ಪ್ರವಾದಿ(ಸ)ಯವರ ಮಾತು. ಉಳಿದ ವಾರಸುದಾರರು ಮನಸಾರೆ ಒಪ್ಪಿದರೆ ಮಾತ್ರ ಅದಕ್ಕೆ ಬಲ. ನೀವು ಹೇಳಿದ್ದಷ್ಟೇ ನಿಜವಾಗಿದ್ದರೆ ಆ ಮನೆ ಆರೂ ಜನರದು.

ಈಗ ಅಣ್ಣನ ಮುಖ್ಯ ವಾದಕ್ಕೆ ಬರೋಣ: ಆಲಿಮ್ ಬರೆದುಕೊಟ್ಟರೆ ಹೊಣೆ ಅವರದು. ಈ ಮಾತಿಗೆ ಪ್ರವಾದಿಯವರ ಪತ್ನಿ ಉಮ್ಮು ಸಲಮಾ(ರ) ವರದಿ ಮಾಡಿದ ಹದೀಸ್ (ಪ್ರವಾದಿಯವರ ನುಡಿ) ನೇರ ಉತ್ತರ ಕೊಡುತ್ತದೆ. ಬುಖಾರಿ, ಮುಸ್ಲಿಮ್ ಎಂಬ ಎರಡೂ ಹದೀಸ್ ಸಂಗ್ರಹಗಳಲ್ಲಿ ಇದೆ. ಪ್ರವಾದಿ(ಸ) ಹೇಳಿದ್ದರ ಸಾರ ಇದು: ನಾನೂ ಮನುಷ್ಯನೇ. ನೀವು ವ್ಯಾಜ್ಯ ತರುತ್ತೀರಿ. ನಿಮ್ಮಲ್ಲೊಬ್ಬ ಇನ್ನೊಬ್ಬನಿಗಿಂತ ಚೆನ್ನಾಗಿ ವಾದಿಸಬಹುದು, ಕೇಳಿದ್ದರ ಮೇಲೆ ನಾನು ತೀರ್ಪು ಕೊಡುತ್ತೇನೆ. ಹಾಗೆ ಯಾರಿಗಾದರೂ ಅವನ ಸಹೋದರನ ಹಕ್ಕನ್ನು ನಾನು ಕೊಟ್ಟುಬಿಟ್ಟಿದ್ದರೆ ಅವನು ತೆಗೆದುಕೊಳ್ಳಬಾರದು, ನಾನು ಅವನಿಗೆ ಕತ್ತರಿಸಿಕೊಟ್ಟದ್ದು ಬೆಂಕಿಯ ತುಂಡು.

ಇಲ್ಲಿ ತೀರ್ಪು ಕೊಡುತ್ತಿರುವವರು ಸಾಕ್ಷಾತ್ ಅಲ್ಲಾಹನ ರಸೂಲ್ (ಪ್ರವಾದಿ). ಅವರ ತೀರ್ಪೇ ಹರಾಮನ್ನು ಹಲಾಲ್ ಮಾಡುವುದಿಲ್ಲ ಎಂದ ಮೇಲೆ ನಮ್ಮ ಮೊಹಲ್ಲಾದ ದಾರುಲ್ ಇಫ್ತಾದ (ಫತ್ವಾ ಕಚೇರಿಯ) ಮೊಹರಿಗೆ ಆ ಶಕ್ತಿ ಎಲ್ಲಿಂದ ಬರಬೇಕು? ಅಬೂದಾವೂದ್ ಸಂಗ್ರಹದಲ್ಲಿರುವ ವರದಿಯ ಪ್ರಕಾರ ಅಲ್ಲಿ ನಿಂತಿದ್ದವರು ಹಳೆಯ ಪಿತ್ರಾರ್ಜಿತದ ಬಗ್ಗೆ ಜಗಳವಾಡುತ್ತಿದ್ದ ಇಬ್ಬರು, ಇಬ್ಬರ ಬಳಿಯೂ ಪುರಾವೆ ಇರಲಿಲ್ಲ. ಬೆಂಕಿಯ ಮಾತು ಕೇಳಿ ಇಬ್ಬರೂ ಅತ್ತರು, ‘ನನ್ನ ಹಕ್ಕು ನಿನಗೇ ಇರಲಿ’ ಎಂದು ಒಬ್ಬರಿಗೊಬ್ಬರು ಹೇಳಿದರು. ಪ್ರವಾದಿ(ಸ) ಅಷ್ಟಕ್ಕೇ ಅವರನ್ನು ಕಳಿಸಲಿಲ್ಲ. ಹಂಚಿಕೊಳ್ಳಿ, ನ್ಯಾಯ ಯಾವುದೆಂದು ನೋಡಿ, ಚೀಟಿ ಎತ್ತಿ, ಆಮೇಲೆ ಒಬ್ಬರನ್ನೊಬ್ಬರು ಮನ್ನಿಸಿ ಎಂದರು. ಕಣ್ಣೀರು ಬಂದ ಮೇಲೂ ಹಂಚಿಕೆ ಬಾಕಿ ಇತ್ತು. ಆಸ್ತಿ ಜಗಳ ನಡೆಯುತ್ತಿರುವ ಪ್ರತಿ ಮನೆಯಲ್ಲೂ ಈ ಹದೀಸನ್ನು ಗಟ್ಟಿಯಾಗಿ ಓದಬೇಕು ಅನ್ನಿಸುತ್ತದೆ.

ಇನ್ನೊಂದು ಘಟನೆ ನಿಮ್ಮ ಸಂಗತಿಗೆ ಇನ್ನೂ ಹತ್ತಿರದ್ದು. ಪ್ರವಾದಿಯವರ ಸಂಗಾತಿ ಬಶೀರ್(ರ) ತಮ್ಮ ಮಗ ನುಅ್‌ಮಾನ್‌ಗೆ ಒಂದು ದಾನ ಕೊಟ್ಟರು. ತಾಯಿ ಅಮ್ರಾ ಬಿಂತ್ ರವಾಹಾ, ‘ಪ್ರವಾದಿಯವರನ್ನು ಇದಕ್ಕೆ ಸಾಕ್ಷಿ ಮಾಡುವವರೆಗೆ ನನಗೆ ಸಮಾಧಾನವಿಲ್ಲ’ ಎಂದರು. ಅಂದರೆ ಬಶೀರ್ ಹೋದದ್ದು ಒಂದು ಅನುಮೋದನೆಗಾಗಿಯೇ. ಪ್ರವಾದಿ(ಸ) ಕೇಳಿದ್ದು ಒಂದೇ ಪ್ರಶ್ನೆ: ನಿನ್ನ ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟೆಯಾ? ಇಲ್ಲ ಎಂದರು. ‘ಅಲ್ಲಾಹನಿಗೆ ಹೆದರಿ, ಮಕ್ಕಳ ನಡುವೆ ನ್ಯಾಯ ಪಾಲಿಸಿ’ ಎಂದರು ಪ್ರವಾದಿ(ಸ). ‘ಅನ್ಯಾಯಕ್ಕೆ ನಾನು ಸಾಕ್ಷಿಯಾಗಲಾರೆ’ ಎಂದೂ ಒಂದು ವರದಿಯಲ್ಲಿದೆ. ಬಶೀರ್ ಮನೆಗೆ ಹೋಗಿ ಆ ದಾನವನ್ನು ಹಿಂದಕ್ಕೆ ಪಡೆದರು. ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ: ಕಬ್ಝಾ ಸಮೇತ ಪೂರ್ತಿಯಾದ ಅಸಮಾನ ಹಿಬಾ ಅಪ್ರಿಯವಾದರೂ ಊರ್ಜಿತ ಎನ್ನುವುದು ಹನಫಿಗಳೂ ಸೇರಿ ಬಹುಪಾಲು ಫಕೀಹರ (ಧರ್ಮಶಾಸ್ತ್ರಜ್ಞರ) ಮತ, ಇಮಾಮ್ ಅಹ್ಮದ್ ಅದನ್ನು ಸರಿಪಡಿಸಲೇಬೇಕು ಅನ್ನುತ್ತಾರೆ. ಆ ಭಿನ್ನಾಭಿಪ್ರಾಯ ನಿಮ್ಮ ಮನೆಗೆ ಅನ್ವಯಿಸುವುದಿಲ್ಲ, ಏಕೆಂದರೆ ನಿಮ್ಮಲ್ಲಿ ಹಿಬಾ ಪೂರ್ತಿಯೇ ಆಗಿಲ್ಲ.

ಇದನ್ನು ಓದಿ ‘ಹಾಗಾದರೆ ಉಲಮಾ ಯಾಕೆ ಬೇಕು, ನನ್ನ ಅಮಲ್ (ಕರ್ಮ) ನನಗೆ ಸಾಕು’ ಎಂಬ ತೀರ್ಮಾನಕ್ಕೆ ದಯವಿಟ್ಟು ಬರಬೇಡಿ. ಅದು ಈ ಬದಿಯ ಹಳ್ಳದಿಂದ ಎದ್ದು ಆ ಬದಿಯ ಹಳ್ಳಕ್ಕೆ ಬೀಳುವ ದಾರಿ. ‘ನಿಮಗೆ ತಿಳಿಯದಿದ್ದರೆ ಬಲ್ಲವರನ್ನು ಕೇಳಿರಿ’ ಎಂದು ಖುರ್‌ಆನ್ (16:43) ಆಜ್ಞಾಪಿಸುತ್ತದೆ. ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಜಾಬಿರ್(ರ) ವರದಿ ಮಾಡಿದ ಪ್ರಸಂಗವಿದೆ. ಪ್ರಯಾಣದಲ್ಲಿ ಒಬ್ಬರ ತಲೆಗೆ ಕಲ್ಲೇಟು ಬಿದ್ದಿತ್ತು, ಆಮೇಲೆ ಅವರಿಗೆ ಸ್ನಾನ ಕಡ್ಡಾಯವಾಯಿತು. ತಯಮ್ಮುಮ್ (ನೀರಿನ ಬದಲು ಮಣ್ಣಿನಿಂದ ಶುದ್ಧಿ) ಮಾಡಬಹುದೇ ಎಂದು ಜೊತೆಯವರನ್ನು ಕೇಳಿದರು. ‘ನೀರು ಇದೆಯಲ್ಲ, ರಿಯಾಯಿತಿ ಇಲ್ಲ’ ಎಂದರು ಅವರು. ಸ್ನಾನ ಮಾಡಿ ಆತ ಸತ್ತರು. ಸುದ್ದಿ ತಿಳಿದ ಪ್ರವಾದಿ(ಸ), ‘ಅವನನ್ನು ಇವರೇ ಕೊಂದರು’ ಎಂದು ಕಠಿಣವಾಗಿ ಖಂಡಿಸಿ, ‘ಗೊತ್ತಿಲ್ಲದಿದ್ದರೆ ಕೇಳಬಾರದಿತ್ತೆ? ಅಜ್ಞಾನಕ್ಕೆ ಮದ್ದು ಕೇಳುವುದೇ’ ಎಂದರು. ಅಲ್ಲಿ ನಿಯ್ಯತ್ (ಉದ್ದೇಶ) ಎಲ್ಲರದೂ ಒಳ್ಳೆಯದೇ ಇತ್ತು. ಒಳ್ಳೆಯ ನಿಯ್ಯತ್ತಿನ ಜೊತೆಗೆ ಇಲ್ಮ್ (ಜ್ಞಾನ) ಇರಲಿಲ್ಲ.

ಹೀಗಾಗಿ ಕೆಲಸ ಹಂಚಿಕೆಯಾಗಿದೆ. ಮುಫ್ತಿಯ ಪಾಲಿಗೆ ಹುಕುಮ್ (ಧರ್ಮದ ವಿಧಿ) ಏನೆಂದು ಹೇಳುವುದು. ಶ್ರಮಪಟ್ಟು ವಿಚಾರ ಮಾಡಿಯೂ ಅವರು ಎಡವಿದರೆ ಒಂದು ಪ್ರತಿಫಲ, ಸರಿಯಾದರೆ ಎರಡು. ಇಲ್ಮ್ ಇಲ್ಲದೆ ಫತ್ವಾ ಕೊಟ್ಟರೆ ಪಾಪ ಕೊಟ್ಟವರ ಮೇಲೆ, ಇದೂ ಹದೀಸೇ. ಇದರ ಆಧಾರದ ಮೇಲೆ ನಿಮ್ಮ ಅಣ್ಣನ ಮಾತಿನಲ್ಲಿ ಒಂದಂಶ ನಿಜವಿದೆ: ಅರ್ಹರನ್ನು ಹುಡುಕಿ, ಸಂಗತಿಯನ್ನು ಉಪ್ಪು ಖಾರ ಹಚ್ಚದೆ, ಏನನ್ನೂ ಮರೆಮಾಚದೆ ಹೇಳಿ, ಸಿಕ್ಕ ಉತ್ತರದಂತೆ ನಡೆದವನು ತನ್ನ ಕರ್ತವ್ಯ ಮುಗಿಸಿದ. ಆದರೆ ಸಂಗತಿ ನಿಜವಾಗಿರುವುದು, ಉತ್ತರ ಬಂದ ಮೇಲೆ ಅದರಂತೆ ನಡೆಯುವುದು, ಈ ಎರಡು ಮುಫ್ತಿಯ ಪಾಲಿಗೆ ಯಾವತ್ತೂ ಹೋಗುವುದಿಲ್ಲ. ಫಕೀಹರು ‘ಕಝಾಅನ್’ ಮತ್ತು ‘ದಿಯಾನತನ್’ ಎಂಬ ಎರಡು ಪದ ಬಳಸುತ್ತಾರೆ. ಮೊದಲನೆಯದು ಖಾಝಿಯ (ನ್ಯಾಯಾಧೀಶರ) ಮುಂದೆ ಹೊರಗಿನ ಪುರಾವೆಯ ಮೇಲೆ ನಿಲ್ಲುವ ತೀರ್ಪು. ಎರಡನೆಯದು ನಿಮಗೂ ಅಲ್ಲಾಹನಿಗೂ ನಡುವಿನದು. ಕಾಗದದ ಮೇಲೆ ಗೆದ್ದವನು ಎರಡನೆಯದರಲ್ಲಿ ಸೋತಿರಬಹುದು. ‘ಹೊರೆ ಹೊರುವ ಯಾವನೂ ಇನ್ನೊಬ್ಬನ ಹೊರೆ ಹೊರಲಾರ’ ಎಂಬ ಮಾತು ಖುರ್‌ಆನ್‌ನಲ್ಲಿ ಒಂದೆಡೆಯಲ್ಲ, ಐದು ಕಡೆ ಬಂದಿದೆ: 6:164, 17:15, 35:18, 39:7, 53:38. ‘ನಮ್ಮ ಪ್ರಭುವೇ, ನಮ್ಮ ಮುಖಂಡರ, ನಮ್ಮ ದೊಡ್ಡವರ ಮಾತು ಕೇಳಿದೆವು, ಅವರೇ ನಮ್ಮನ್ನು ದಾರಿ ತಪ್ಪಿಸಿದರು’ ಎಂದು ಹೇಳುವವರ ಚಿತ್ರ 33:67ರಲ್ಲಿದೆ, ಅವರು ಅದನ್ನು ಹೇಳುವುದು ಬೆಂಕಿಯಲ್ಲಿದ್ದುಕೊಂಡು.

ವಾಬಿಸಾ(ರ) ಅವರಿಗೆ ಪ್ರವಾದಿ(ಸ) ಹೇಳಿದ ‘ನಿನ್ನ ಹೃದಯವನ್ನು ಕೇಳು, ಜನ ಫತ್ವಾ ಕೊಟ್ಟರೂ ಸರಿಯೆ’ ಎಂಬ ಮಾತಿನ ಜಾಗವೂ ಇದೇ. ಇದನ್ನು ಹಿಡಿದು ತಮಗೆ ಹಿಡಿಸದ ಹುಕುಮನ್ನೆಲ್ಲ ತಳ್ಳಿಹಾಕುವವರಿದ್ದಾರೆ. ಆ ಮಾತಿನ ಬಳಕೆ ಅದಲ್ಲ. ಮುಫ್ತಿಗೆ ಗೊತ್ತಿಲ್ಲದ ಸಂಗತಿ ನಿಮಗೆ ಗೊತ್ತಿದ್ದು, ಕಾಗದ ನಿಮ್ಮ ಪರವಾಗಿದ್ದೂ ಎದೆಯಲ್ಲಿ ಮುಳ್ಳು ಚುಚ್ಚುತ್ತಿದ್ದರೆ ಆ ಚುಚ್ಚುವಿಕೆಗೆ ಬೆಲೆ ಇದೆ. ನೀವು ಈ ಪ್ರಶ್ನೆ ಬರೆದದ್ದೇ ಅದರಿಂದ.

ಇನ್ನು ಜನಾಝಾದಲ್ಲಿ ಕೇಳಿದ ಹೊಗಳಿಕೆ. ಉಸ್ಮಾನ್ ಬಿನ್ ಮಝ್‌ಊನ್(ರ) ಮದೀನಾದಲ್ಲಿ ತೀರಿಕೊಂಡಾಗ ಅವರಿಗೆ ಆಶ್ರಯ ಕೊಟ್ಟಿದ್ದ ಮನೆಯ ಉಮ್ಮುಲ್ ಅಲಾ(ರ), ‘ಅಲ್ಲಾಹನು ನಿಮ್ಮನ್ನು ಗೌರವಿಸಿದ್ದಾನೆ ಎಂಬುದಕ್ಕೆ ನಾನು ಸಾಕ್ಷಿ’ ಎಂದರು. ಪ್ರವಾದಿ(ಸ) ಕೇಳಿದರು: ನಿನಗೆ ಹೇಗೆ ಗೊತ್ತು? ಅವರಿಗೆ ಒಳಿತಾಗಲಿ ಎಂದು ಆಶಿಸುತ್ತೇನೆ ಎಂದಷ್ಟೇ ಹೇಳಿದರು. ಆ ಬಳಿಕ ಯಾರ ಬಗ್ಗೆಯೂ ನಾನು ಹಾಗೆ ಖಾತ್ರಿ ಕೊಡಲಿಲ್ಲ ಅನ್ನುತ್ತಾರೆ ಉಮ್ಮುಲ್ ಅಲಾ. ಇನ್ನೊಂದು ಕಡೆ, ಹಾದುಹೋದ ಜನಾಝಾವನ್ನು ಜನ ಹೊಗಳಿದಾಗ ‘ನೀವು ಭೂಮಿಯ ಮೇಲೆ ಅಲ್ಲಾಹನ ಸಾಕ್ಷಿಗಳು’ ಎಂದದ್ದೂ ಉಂಟು. ಎರಡಕ್ಕೂ ವಿರೋಧವಿಲ್ಲ. ನೆರೆಹೊರೆ, ಗಿರಾಕಿ, ಬಾಡಿಗೆದಾರ ಹೇಳುವ ಒಳ್ಳೆಯ ಮಾತು ಆ ಮನುಷ್ಯ ಬದುಕಿದ ರೀತಿಗೆ ಸಾಕ್ಷಿ, ಅದು ಕರ್ಮದಿಂದಲೇ ಹುಟ್ಟಿದ್ದು. ‘ಇವರು ಜನ್ನತಿ’ ಎಂಬ ಖಚಿತ ಘೋಷಣೆ ಪ್ರವಾದಿ ಹೇಳದ ಯಾರ ಬಗ್ಗೆಯೂ ಯಾರ ಕೈಯಲ್ಲೂ ಇಲ್ಲ. ಬಂದ ಆಲಿಮ್ ಅದನ್ನು ದುಆ (ಪ್ರಾರ್ಥನೆ) ಎಂಬ ಭಾವದಲ್ಲಿ ಹೇಳಿರಬೇಕು, ಹಾಗೆಯೇ ತೆಗೆದುಕೊಳ್ಳಿ. ಶಫಾಅತ್ (ಅಲ್ಲಾಹನ ಮುಂದೆ ಇನ್ನೊಬ್ಬರ ಪರವಾಗಿ ಶಿಫಾರಸು) ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಅಲ್ಲಾಹನ ಅನುಮತಿಯಿಂದ ಮಾತ್ರ (2:255). ತಂಗಿಯ ಪಾಲು ಹಿಡಿದಿಟ್ಟುಕೊಂಡು ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ವಿದ್ವಾಂಸರ ದೃಢೀಕರಣಕ್ಕೆ ಇಸ್ಲಾಮಿನಲ್ಲಿ ದೊಡ್ಡ ಸ್ಥಾನವೇ ಇದೆ, ಆದರೆ ಅದರ ವ್ಯಾಪ್ತಿ ಗೊತ್ತಿರಬೇಕು. ಹದೀಸ್ ವಿದ್ವಾಂಸರು ‘ಜರ್ಹ್ ವ ತಅ್‌ದೀಲ್’ ಎಂಬ ಶಾಸ್ತ್ರವನ್ನೇ ಕಟ್ಟಿದರು: ಯಾವ ವರದಿಗಾರ ನಂಬಿಕಸ್ಥ, ಯಾರ ನೆನಪಿನ ಶಕ್ತಿ ದುರ್ಬಲ ಎಂಬ ಪರಿಶೀಲನೆ. ಕ್ರಿ.ಶ. 795ರಲ್ಲಿ ಮದೀನಾದಲ್ಲಿ ತೀರಿಕೊಂಡ ಇಮಾಮ್ ಮಾಲಿಕ್, ಮಸೀದಿಯ ಈ ಕಂಬಗಳ ಬಳಿ ಹದೀಸ್ ಹೇಳುತ್ತಿದ್ದ ಎಪ್ಪತ್ತು ಮಂದಿಯನ್ನು ಕಂಡೆ, ಖಜಾನೆ ಒಪ್ಪಿಸಿದರೂ ನಂಬಬಹುದಾದವರು, ಆದರೂ ಅವರಿಂದ ಹದೀಸ್ ತೆಗೆದುಕೊಳ್ಳಲಿಲ್ಲ, ಅದು ಅವರ ಕ್ಷೇತ್ರವಲ್ಲ ಎಂದರೆಂದು ವರದಿಯಾಗಿದೆ. ತಕ್ವಾ (ದೈವಭೀತಿ) ಒಂದು, ಪರಿಣತಿ ಇನ್ನೊಂದು. ನಮ್ಮ ಊರಲ್ಲಿ ಈ ವ್ಯತ್ಯಾಸ ಮರೆತು ಎಷ್ಟು ಮನೆ ಹಾಳಾದವು! 2019ರ ಜೂನ್‌ನಲ್ಲಿ ಶಿವಾಜಿನಗರದಲ್ಲಿ ‘ಹಲಾಲ್ ಹೂಡಿಕೆ’ಯ ಕಂಪನಿಯೊಂದು ಬಾಗಿಲು ಹಾಕಿದಾಗ ಬೀದಿಗೆ ಬಂದವರಲ್ಲಿ ‘ದೊಡ್ಡ ದೊಡ್ಡ ಹಝ್ರತ್‌ಗಳೇ ಒಳ್ಳೆಯದು ಅಂದಿದ್ದಾರೆ’ ಎಂದು ನಂಬಿದವರು ಬಹಳ. ಮುದಾರಬಾ ಎಂಬ ಲಾಭ ಹಂಚಿಕೆಯ ಒಪ್ಪಂದ ಹಲಾಲ್ ಎಂದು ಆಲಿಮ್ ಹೇಳಬಲ್ಲರು. ಆ ಕಂಪನಿಯ ಲೆಕ್ಕಪುಸ್ತಕದಲ್ಲಿ ಲಾಭ ಇದೆಯೋ ಇಲ್ಲವೋ ಎಂಬುದು ಆಡಿಟರ್ ನೋಡಬೇಕಾದ ವಿಷಯ. ಇಷ್ಟನ್ನು ಯಾರು ಬೇಕಾದರೂ ಪರೀಕ್ಷಿಸಬಹುದು: ಮುದಾರಬಾದಲ್ಲಿ ಬಂದ ಲಾಭದ ಅನುಪಾತ ನಿಗದಿಯಾಗಬೇಕು, ಅಂದರೆ ನಿನಗೆ 60, ನನಗೆ 40 ಎಂಬ ಹಾಗೆ. ಲಕ್ಷಕ್ಕೆ ತಿಂಗಳಿಗೆ ಇಷ್ಟು ರೂಪಾಯಿ ಖಚಿತ, ಅಸಲಿಗೂ ಭರವಸೆ ಎಂದರೆ ಅದು ಹೆಸರಿಗಷ್ಟೇ ಮುದಾರಬಾ.

ಈಗ ನೀವು ಮಾಡಬೇಕಾದದ್ದು. ಹೊಸ ಇಸ್ತಿಫ್ತಾ (ಫತ್ವಾ ಕೋರುವ ಪ್ರಶ್ನೆ) ಬರೆಯಿರಿ, ಅಣ್ಣನಿಗೆ ತಿಳಿಸಿಯೇ ಬರೆಯಿರಿ. ತಂದೆ ತೀರಿಕೊಂಡ ದಿನಾಂಕ, ಅಂದು ಬದುಕಿದ್ದ ವಾರಸುದಾರರೆಲ್ಲರ ಹೆಸರು (ತಂದೆಯ ತಂದೆತಾಯಿ ಇದ್ದರೆ ಅವರದೂ), ‘ಈ ಮನೆ ನಿಮ್ಮಿಬ್ಬರಿಗೆ’ ಎಂಬ ಮಾತನ್ನು ಯಾವಾಗ, ಯಾರ ಮುಂದೆ, ಆರೋಗ್ಯದಲ್ಲೋ ಕೊನೆಯ ಕಾಯಿಲೆಯಲ್ಲೋ ಹೇಳಿದರು, ಆ ನಂತರ ಮನೆಯಲ್ಲಿ ಯಾರಿದ್ದರು, ಬಾಡಿಗೆ ಯಾರ ಕೈಗೆ ಹೋಗುತ್ತಿತ್ತು, ಖಾತಾ ಮತ್ತು ತೆರಿಗೆ ರಸೀದಿ ಯಾರ ಹೆಸರಲ್ಲಿವೆ. ‘ಹಿಬಾ ಮಾಡಿದರು’ ಎಂಬ ಪದ ಬರೆಯಬೇಡಿ, ಅದು ತೀರ್ಮಾನ. ನಡೆದದ್ದನ್ನು ಮಾತ್ರ ಬರೆಯಿರಿ. ಕೆಳಗೆ ಆರೂ ಜನ ಸಹಿ ಮಾಡಿ. ಒಬ್ಬರೇ ಬರೆದ ಪ್ರಶ್ನೆಗಳು ಕೆಡುವುದು ಸುಳ್ಳಿನಿಂದಲೇ ಅಲ್ಲ, ಬಿಟ್ಟುಹೋದ ಒಂದು ಸಾಲಿನಿಂದ. ಮೂರು ಕಡೆ ಕೇಳಿ ತನಗೆ ಲಾಭವಾಗುವ ಉತ್ತರವನ್ನು ಇಟ್ಟುಕೊಳ್ಳುವ ಚಾಳಿ ಬೇಡ. ಮೊದಲಿನ ದಾರುಲ್ ಇಫ್ತಾಕ್ಕೇ ಹಳೆಯ ಫತ್ವಾದ ಪ್ರತಿ ಲಗತ್ತಿಸಿ ಕಳಿಸಿದರೆ ಒಳ್ಳೆಯದು, ಸಂಗತಿ ಬದಲಾದರೆ ಉತ್ತರ ಬದಲಿಸಲು ಒಬ್ಬ ಮುಫ್ತಿಗೆ ಸಂಕೋಚ ಇರುವುದಿಲ್ಲ. ಹಾಫಿಝ್, ಇಮಾಮ್, ಆಲಿಮ್, ಮುಫ್ತಿ ಒಂದೇ ಅಲ್ಲ ಎಂಬುದೂ ನೆನಪಿರಲಿ. ಖುರ್‌ಆನ್‌ನ ಮೂವತ್ತು ಪಾರಾ (ಭಾಗ) ಬಾಯಿಪಾಠ ಇರುವವರಿಗೆ ಪಾಲು ಲೆಕ್ಕ ಗೊತ್ತಿರಬೇಕೆಂದಿಲ್ಲ. ಆಲಿಮ್ ಕೋರ್ಸಿನ ನಂತರ ಇಫ್ತಾ (ಫತ್ವಾ ಕೊಡುವ ಶಾಸ್ತ್ರ) ಓದಿದವರನ್ನೇ ಕೇಳಿ.

ಹಂಚುವ ಮುಂಚೆ ತಂದೆಯ ಸಾಲ ತೀರಬೇಕು. ಮೂರು ದೀನಾರ್ ಸಾಲವಿದ್ದು ಏನೂ ಬಿಟ್ಟುಹೋಗದ ಒಬ್ಬರ ಜನಾಝಾ ನಮಾಝನ್ನು ಪ್ರವಾದಿ(ಸ) ತಾವು ಮಾಡಿಸದೆ ನಿಂತಿದ್ದರು. ಅಬೂ ಕತಾದಾ(ರ) ‘ಆ ಸಾಲ ನನ್ನ ಮೇಲೆ’ ಎಂದ ಮೇಲೆಯೇ ಮಾಡಿಸಿದರು. ತಂದೆಗೆ ಈಗ ಅತಿ ಉಪಯೋಗ ಆಗುವುದು ಇದೇ. ಸಾಲ ಎಂದಾಗ ಅಂಗಡಿಯ ಬಾಕಿಯ ಜೊತೆ ತಾಯಿಯ ಮಹರ್ (ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಬೇಕಾದ ಧನ) ಕೂಡ ಸೇರುತ್ತದೆ. ನಿಕಾಹ್‌ನಾಮಾ ತೆಗೆದು ನೋಡಿ, ಕೊಟ್ಟಿದ್ದಾರೋ ಇಲ್ಲವೋ ಎಂದು ತಾಯಿಯನ್ನೇ ಕೇಳಿ. ಆಮೇಲೆ ವಾರಸುದಾರರಲ್ಲದವರಿಗೆ ಮಾಡಿದ ವಸಿಯ್ಯತ್ ಇದ್ದರೆ ಮೂರನೇ ಒಂದರ ಮಿತಿಯಲ್ಲಿ. ಉಳಿದದ್ದು ಪಾಲು.

ನಿಮ್ಮಲ್ಲಿ ಲೆಕ್ಕ ಸುಲಭ. ಮಕ್ಕಳಿರುವುದರಿಂದ ತಾಯಿಗೆ ಎಂಟನೇ ಒಂದು. ಉಳಿದ ಏಳರಲ್ಲಿ ಗಂಡಿಗೆ ಎರಡು, ಹೆಣ್ಣಿಗೆ ಒಂದು (4:11-12): ಇಬ್ಬರು ಗಂಡುಮಕ್ಕಳಿಗೆ ನಾಲ್ಕು, ಮೂವರು ಹೆಣ್ಣುಮಕ್ಕಳಿಗೆ ಮೂರು. ಒಟ್ಟು ಎಂಟು ಪಾಲು, ಒಂದು ಪಾಲಿಗೆ 14 ಲಕ್ಷ. ತಾಯಿಗೆ 14, ಅಕ್ಕನಿಗೆ ಮತ್ತು ತಂಗಿಯರಿಗೆ ತಲಾ 14, ಅಣ್ಣನಿಗೂ ನಿಮಗೂ ತಲಾ 28 ಲಕ್ಷ. ಅಣ್ಣನ ಫತ್ವಾದ ಪ್ರಕಾರ ನಿಮಗೆ 56 ಲಕ್ಷ ಬರುತ್ತಿತ್ತು. ಅಂದರೆ ನಿಮ್ಮ ಹೆಸರಿಗೆ ಹೆಚ್ಚಾಗಿ ಬರುವ 28 ಲಕ್ಷ ಬೇರೆಯವರದು, ತಾಯಿ ಮತ್ತು ಮೂವರು ಹೆಣ್ಣುಮಕ್ಕಳದು, ತಲಾ 7 ಲಕ್ಷ. ಮದುವೆಯಲ್ಲಿ ಕೊಟ್ಟ ಒಡವೆ, ಮಾಡಿದ ಖರ್ಚನ್ನು ಈ ಪಾಲಿನಿಂದ ಕಳೆಯುವಂತಿಲ್ಲ. ಅದು ತಂದೆ ತಮ್ಮ ಜೀವಿತದಲ್ಲಿ ಕೊಟ್ಟ ಉಡುಗೊರೆ.

‘ನಮಗೆ ಬೇಡ, ತವರು ಉಳಿದರೆ ಸಾಕು’ ಎಂದು ಹೆಣ್ಣುಮಕ್ಕಳು ಹೇಳಬಹುದು. ಆ ಮಾತಿನ ಹಿಂದೆ ಅಣ್ಣತಮ್ಮಂದಿರ ಮನೆಬಾಗಿಲು ಮುಚ್ಚೀತೆಂಬ ಭಯ ಎಷ್ಟಿದೆ ಎಂದು ನೀವೇ ನೋಡಿ. ಹನಫಿ ಫಿಕ್‌ಹ್‌ನಲ್ಲಿ ‘ನನ್ನ ಹಕ್ಕು ಬಿಟ್ಟೆ’ ಎಂದು ಬಾಯಲ್ಲಿ ಹೇಳಿದ ಮಾತ್ರಕ್ಕೆ ವಾರಸುದಾರರ ಹಕ್ಕು ಹೋಗುವುದಿಲ್ಲ. ಅವರ ಪಾಲು ಅವರ ಕೈಗೆ ಬರಲಿ, ನಾಲ್ಕು ದಿನ ಅವರ ಬಳಿ ಇರಲಿ, ಬಳಿಕ ಮನಸ್ಸಿದ್ದರೆ ಕೊಡಲಿ. ಇಲ್ಲವೇ ಒಪ್ಪಿದ ಮೊತ್ತಕ್ಕೆ ಪಾಲು ಬಿಟ್ಟುಕೊಡುವ ‘ತಖಾರುಜ್’ ಎಂಬ ದಾರಿ ಇದೆ. ನೀವಿಬ್ಬರು ಮನೆ ಉಳಿಸಿಕೊಂಡು ಅವರಿಗೆ ಕಂತಿನಲ್ಲಿ ಹಣ ಕೊಡಬಹುದು. ಸಬ್ ರಿಜಿಸ್ಟ್ರಾರ್ ಕಚೇರಿಯ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದು ಇದೆಲ್ಲ ಆದ ಮೇಲೆ. ವಂಶವೃಕ್ಷಕ್ಕೆ ಅರ್ಜಿ ಹಾಕುವಾಗ ಮೂವರು ಹೆಣ್ಣುಮಕ್ಕಳ ಹೆಸರು ಇರಲೇಬೇಕು, ಬಿಟ್ಟರೆ ಅದು ಸುಳ್ಳು ಪ್ರಮಾಣ. ಫತ್ವಾಕ್ಕೆ ಕಾನೂನಿನ ಬಲ ಇಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ, ಆದ್ದರಿಂದ ಅಣ್ಣನ ಕಾಗದ ಸಿವಿಲ್ ಕೋರ್ಟಿನಲ್ಲೂ ನಿಲ್ಲುವುದಿಲ್ಲ.

ಅಣ್ಣ ಒಪ್ಪದಿದ್ದರೆ? ಅವರನ್ನು ಬಲವಂತ ಮಾಡುವ ಶಕ್ತಿ ನಿಮಗಿಲ್ಲ, ಅವರ ಪರವಾಗಿ ಉತ್ತರ ಹೇಳುವ ಹೊಣೆಯೂ ಇಲ್ಲ. ನಿಮ್ಮ ಕೈಗೆ ಬಂದದ್ದು ನಿಮ್ಮ ಲೆಕ್ಕ. ಅದನ್ನು ಬಾಡಿಗೆಯಿಂದ ಶುರು ಮಾಡಿ. ಎಂಟು ತಿಂಗಳಲ್ಲಿ 1,60,000 ಬಂದಿದೆ, ಅರ್ಧ ಅಂದರೆ 80,000 ನೀವು ಪಡೆದಿರಿ. ಎಂಟರಲ್ಲಿ ಎರಡು ಪಾಲಿನಂತೆ ನಿಮ್ಮದು 40,000. ಉಳಿದ 40,000ವನ್ನು ತಾಯಿಗೆ, ಅಕ್ಕನಿಗೆ, ತಂಗಿಯರಿಗೆ ತಲಾ 10,000ದಂತೆ ಈ ವಾರವೇ ಕೊಡಿ, ಇದು ಉಡುಗೊರೆಯಲ್ಲ, ನಿಮ್ಮ ಪಾಲಿನದೇ ಎಂದು ಹೇಳಿ ಕೊಡಿ. ಮನೆಯ ವಿಚಾರ ತೀರಲು ತಿಂಗಳುಗಟ್ಟಲೆ ಹಿಡಿಯಬಹುದು. ಈ ಹಣಕ್ಕೆ ಅಣ್ಣನ ಒಪ್ಪಿಗೆಯೂ ಬೇಡ, ಹೊಸ ಫತ್ವಾ ಬರುವವರೆಗೆ ಕಾಯುವುದೂ ಬೇಡ.